ಸ್ವಂತ ಅನುಭವವನ್ನು ಹಕ್ಕಿನ ಮಾತಾಗಿ ಬರೆಯುವುದು ಹೇಗೆ

ನನ್ನ ಅಕ್ಕನಿಗೆ ಎರಡನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿತು; ಈಗ ಆಕೆ ಓಡಾಡುವುದು ಗಾಲಿಕುರ್ಚಿಯಲ್ಲಿ. ಆಕೆಯೊಂದಿಗೆ ಒಂದು ಕಚೇರಿಗೆ ಹೋಗಿ ಬಾಗಿಲಲ್ಲೇ ನಿಲ್ಲಬೇಕಾಗಿ ಬಂದ ದಿನದ ಬಗ್ಗೆ ನಾನು ಮೊದಲ ಸಲ ಬರೆದಾಗ ಓದಿದವರೆಲ್ಲ ‘ಅಯ್ಯೋ ಪಾಪ’ ಎಂದರು, ಕಚೇರಿಯ ಮೆಟ್ಟಿಲುಗಳು ಮಾತ್ರ ಇದ್ದಂತೆಯೇ ಇದ್ದವು. ಮರುಕ ಹುಟ್ಟಿಸುವುದು ಸುಲಭ, ಗೌರವ ಹುಟ್ಟಿಸುವುದು ಕಷ್ಟದ ಕೆಲಸ ಎಂಬುದು ನನಗೆ ತಿಳಿದದ್ದು ಆಗಲೇ. ಅಂಗವೈಕಲ್ಯವಿರುವವರ ಪರವಾಗಿ ತಮ್ಮ ಮನೆಯ ಅನುಭವವನ್ನು ಬರೆಯಲು ಹೊರಟವರಿಗಾಗಿ ಈ ಮಾತುಗಳು.

ಬರಹದಲ್ಲಿ ಯಾರ ಬದುಕು ಬರುತ್ತದೆಯೋ ಅವರ ಒಪ್ಪಿಗೆಯನ್ನು ಮೊದಲು ಪಡೆಯಬೇಕು ಮತ್ತು ಕರಡನ್ನು ಅವರಿಗೇ ಓದಿ ಹೇಳಬೇಕು. ನಾನು ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದನ್ನು ವಿವರವಾಗಿ ಬರೆದಿದ್ದೆ. “ಇದನ್ನು ತೆಗೆದುಬಿಡು, ಇಲ್ಲಿ ನೀನು ಕಾಣುತ್ತೀಯ, ನಾನು ಕಾಣುವುದಿಲ್ಲ” ಎಂದಳು. ತೆಗೆದೆ.

ಅನಂತರ, ‘ತುಂಬಾ ಕಷ್ಟವಾಯಿತು’ ಎಂಬಂಥ ಮಾತನ್ನು ಬಿಟ್ಟು ಕಂಡದ್ದನ್ನು ಅಳತೆಯ ಸಮೇತ ಬರೆಯಿರಿ. ಅಲ್ಲಿದ್ದದ್ದು ಮೂರು ಮೆಟ್ಟಿಲು, ಒಂದೊಂದೂ ಆರು ಇಂಚು. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಎಂಬ ರೂಢಿಯ ಲೆಕ್ಕದಲ್ಲಿ ಆ ಹದಿನೆಂಟು ಇಂಚಿಗೆ ಹದಿನೆಂಟು ಅಡಿ ಉದ್ದದ ರ‍್ಯಾಂಪ್ ಬೇಕು. ಕಚೇರಿಯ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದ ಜಾಗದಲ್ಲಿ ಅಷ್ಟು ಅವಕಾಶವಿತ್ತು. ಒಳಗೆ ಹೋದ ಮೇಲೆ, ತಾನೇ ತುಂಬಿದ ಅರ್ಜಿಯನ್ನು ಕೈಯಲ್ಲಿ ಹಿಡಿದು ಅಕ್ಕ ಎದುರಿಗೇ ಕುಳಿತಿದ್ದರೂ, ಗುಮಾಸ್ತರು ನನ್ನ ಮುಖ ನೋಡಿ “ಇವರ ಹೆಸರೇನು?” ಎಂದು ಕೇಳಿದರು. ಅಗೌರವವೆಂದರೆ ಏನೆಂದು ವಿವರಿಸಲು ಆ ಒಂದು ಪ್ರಶ್ನೆಯೇ ಸಾಕಾಗಿತ್ತು. ಅದರ ಕೆಳಗೆ ನಾನು ವ್ಯಾಖ್ಯಾನ ಬರೆಯಲಿಲ್ಲ, ನೀವೂ ಬರೆಯಬೇಡಿ.

ಅನುಭವದ ಪಕ್ಕದಲ್ಲಿ ಕಾನೂನನ್ನು ಇಡಬೇಕು, ಇಲ್ಲವಾದರೆ ಕೇಳುತ್ತಿರುವುದು ಉಪಕಾರವೆಂದೇ ಓದುಗರು ತಿಳಿಯುತ್ತಾರೆ. 2016ರ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸಲು ಆಗುವಂತೆ ಮಾರ್ಪಡಿಸಲು ಅಲ್ಲಿಂದ ಐದು ವರ್ಷಗಳ ಗಡುವು ಇತ್ತು, ಅದು 2022ಕ್ಕೇ ಮುಗಿದಿದೆ. ಇಷ್ಟನ್ನು ಎರಡು ವಾಕ್ಯಗಳಲ್ಲಿ ಹೇಳಿದರೆ ಸಾಕು.

ನಮ್ಮ ಮಾತಿನಲ್ಲೇ ಅಡಗಿರುವ ಕೀಳುನೋಟವನ್ನು ಹುಡುಕಿ ತೆಗೆಯುವುದಕ್ಕೆ ಹೆಚ್ಚು ಸಮಯ ಕೊಡಿ. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆಯನ್ನು ಅಕ್ಕ ಶಾಲೆಯಲ್ಲಿ ದಿನವೂ ಕೇಳಿದವಳು, ಆದರೂ ಆಕೆಯ ಬಗ್ಗೆಯೇ ಬರೆಯುವಾಗ ನನ್ನ ಕರಡಿನಲ್ಲಿ ಅಧಿಕಾರಿಗಳ ‘ಕುಂಟುನೆಪ’ವೂ ವ್ಯವಸ್ಥೆಯ ‘ಕಿವುಡುತನ’ವೂ ನುಸುಳಿದ್ದವು. ‘ಸುಳ್ಳುನೆಪ’, ‘ಉದಾಸೀನ’ ಎಂದು ತಿದ್ದಿದಾಗ ವಾಕ್ಯ ದುರ್ಬಲವಾಗಲಿಲ್ಲ. ವಿಕಲಚೇತನ, ವಿಶೇಷಚೇತನ ಎಂಬ ಪದಗಳಲ್ಲಿ ಯಾವುದು ಸರಿ ಎಂಬ ಚರ್ಚೆ ಇದ್ದೇ ಇದೆ. ನೀವು ಯಾರ ಬಗ್ಗೆ ಬರೆಯುತ್ತಿದ್ದೀರೋ ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನೇ ಬಳಸುವುದು ಸೂಕ್ತ. ನನ್ನ ಅಕ್ಕ ತನ್ನ ಹೆಸರಿನಿಂದ ಕರೆದರೆ ಸಾಕು ಎನ್ನುತ್ತಾಳೆ.

ಕೊನೆಯಲ್ಲಿ ಒಂದೇ ಬೇಡಿಕೆ ಇರಲಿ, ಅದನ್ನು ಈಡೇರಿಸಬಲ್ಲ ಹುದ್ದೆಯಲ್ಲಿರುವವರನ್ನು ಉದ್ದೇಶಿಸಿರಲಿ. ‘ಸಮಾಜ ಬದಲಾಗಬೇಕು’ ಎಂದರೆ ಯಾರೂ ತಮಗೆ ಹೇಳಿದ್ದೆಂದು ತಿಳಿಯುವುದಿಲ್ಲ. ‘ಮುಂಬಾಗಿಲಿಗೆ ರ‍್ಯಾಂಪ್ ಕಟ್ಟಿಸಿ’ ಎಂದರೆ ಕಚೇರಿಯ ಮುಖ್ಯಸ್ಥರು ಉತ್ತರಿಸಲೇಬೇಕಾಗುತ್ತದೆ. ಗುಮಾಸ್ತರ ಹೆಸರು ಹಾಕಿ ಅವಮಾನಿಸುವ ಅಗತ್ಯವಿಲ್ಲ. ಪತ್ರಿಕೆಯ ವಾಚಕರ ವಿಭಾಗಕ್ಕೆ ಕಳುಹಿಸುವುದಾದರೆ ಒಂದು ಪುಟದೊಳಗೆ ಮುಗಿಸಿ. ಅದೇ ಬರಹವನ್ನು ಮನವಿಯಾಗಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ಕೆಲಸವಾಗದಿದ್ದರೆ ಅದೇ ಕಾಯ್ದೆಯಡಿ ನೇಮಕವಾಗುವ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸುವಾಗ ಆ ಪ್ರತಿಯನ್ನು ಲಗತ್ತಿಸಬಹುದು. ನಮ್ಮ ಮನವಿಯ ಕೆಳಗೆ ಮೊದಲ ಸಹಿ ಅಕ್ಕನದು, ಎರಡನೆಯದು ನನ್ನದು.