ಹೊಸ ಹಾವುರಾಣಿ ಎನ್ನುವ ಮೊದಲು ಹುರುಪೆ ಎಣಿಸಿ

ಪಶ್ಚಿಮ ಘಟ್ಟದ ತರಗೆಲೆಯಲ್ಲಿ ಪಕ್ಕೆ ಕೆಂಪಾದ ಹಾವುರಾಣಿ ಕಂಡ ಕೂಡಲೇ ‘ಹೊಸ ಪ್ರಭೇದ’ ಎಂದು ಫೋಟೊ ಹಂಚುವವರಿದ್ದಾರೆ. ಬಹಳ ಸಲ ಅದು ಬೆದೆಗೆ ಬಂದ ಗಂಡು, ಅಷ್ಟೆ. ವಯಸ್ಸು, ಲಿಂಗ, ಋತುವಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಹುರುಪೆಗಳ ಜೋಡಣೆ ಹಾಗೆ ಬದಲಾಗದು.

1. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಕಾಡಿನಿಂದ ಒಂದನ್ನೂ ಹಿಡಿಯಬೇಡಿ.

2. ಜೀವವಿರುವಾಗಲೇ ಬೆನ್ನು, ಪಕ್ಕೆ, ಹೊಟ್ಟೆ, ಗಂಟಲಿನ ಫೋಟೊ ತೆಗೆಯಿರಿ. ಸ್ಪಿರಿಟ್ಟಿನಲ್ಲಿ ಬಣ್ಣ ಉಳಿಯುವುದಿಲ್ಲ.

3. ಮಾದರಿ ಕೆಡದಂತೆ ಇಡುವಾಗ ಅಂಗಾಂಶ ಮೊದಲು, ಫಾರ್ಮಲಿನ್ ಆಮೇಲೆ. ಯಕೃತ್ತಿನ ಚೂರೊಂದನ್ನು ಶೇ 95ಕ್ಕಿಂತ ಕಡಿಮೆಯಿಲ್ಲದ ಎಥನಾಲ್‌ಗೆ ಹಾಕಿ. ಈ ಕ್ರಮ ತಪ್ಪಿದರೆ ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ. ಡಿನೇಚರ್ಡ್ ಸ್ಪಿರಿಟ್ ಅಗ್ಗವೆಂದು ತರಬೇಡಿ, ಅದರಲ್ಲಿ ಬೇರೆ ರಾಸಾಯನಿಕ ಬೆರೆತಿರುತ್ತದೆ. ಬಳಿಕ ಅಂಗಡಿಯ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ, ಸಿರಿಂಜಿನಿಂದ ಹೊಟ್ಟೆಯೊಳಗೂ ಬಿಟ್ಟು, ಬೆರಳುಗಳನ್ನು ಬಿಡಿಸಿಟ್ಟು ಒಂದೆರಡು ದಿನ ನೆನೆಸಿ. ಮುದುಡಿದ ಬೆರಳು ಗಟ್ಟಿಯಾದರೆ ಅದರಡಿಯ ಪಟ್ಟಿಗಳನ್ನು ಎಣಿಸಲಾಗದು. ನೀರಿನಲ್ಲಿ ತೊಳೆದು ಶೇ 70ರ ಎಥನಾಲ್‌ಗೆ ಬದಲಿಸಿ. ಚೀಟಿ ಬರೆಯಲು ಪೆನ್ಸಿಲ್ಲೇ ಸರಿ. ಬಾಲ್‌ಪೆನ್ನಿನ ಶಾಯಿ ಕರಗಿಹೋಗುತ್ತದೆ.

4. ಎಣಿಕೆ. ಹೆಚ್ಚಿನವರು ಎಡವುವುದು ಇಲ್ಲೇ. ಹಾವುರಾಣಿಯ ಹುರುಪೆ ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತದೆ, ಮೇಲಾಗಿ ಮಿರುಗುತ್ತದೆ. ಒದ್ದೆ ಮೈಯನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಬೆಳಕಿನ ಚುಕ್ಕೆಯಷ್ಟೇ ಕಾಣುತ್ತದೆ. ಟಿಶ್ಯೂ ಕಾಗದದಿಂದ ಒತ್ತಿ, ಮೇಲಿನ ಪಸೆ ಆರುವಷ್ಟು ಹೊತ್ತು ಬಿಟ್ಟು, ಬೆಳಕನ್ನು ಪಕ್ಕದಿಂದ ತಗ್ಗಿಸಿ ಹಾಯಿಸಿ. ಆಗ ಪ್ರತಿ ಅಂಚೂ ಬಿಡಿಯಾಗಿ ಎದ್ದು ಕಾಣುತ್ತದೆ, ಹುರುಪೆಯ ಮೇಲಿನ ಏಣುಗಳೂ ಸಿಗುತ್ತವೆ. ಪೂರ್ತಿ ಒಣಗಲು ಬಿಡಬೇಡಿ.

ನಡುಮೈಯ ಸಾಲು ಎಣಿಸಲು ಕಂಕುಳು ಮತ್ತು ತೊಡೆಸಂದಿನ ಸರಿಮಧ್ಯವನ್ನು ಕ್ಯಾಲಿಪರ್‌ನಲ್ಲಿ ಅಳೆದೇ ಗುರುತಿಸಿ. ಕಣ್ಣಂದಾಜಿನಲ್ಲಿ ಕುತ್ತಿಗೆ ಕಡೆಗೋ ಸೊಂಟದ ಕಡೆಗೋ ಸರಿದರೆ ಸಾಲುಗಳ ಸಂಖ್ಯೆಯೇ ಬೇರೆ ಬಂದೀತು, ಆ ವ್ಯತ್ಯಾಸವೇ ಸುಳ್ಳು ‘ಲಕ್ಷಣ’ವಾಗುತ್ತದೆ. ಶುರುಮಾಡಿದ ಹುರುಪೆಯಡಿ ಸಣ್ಣ ಸೂಜಿ ಸಿಕ್ಕಿಸಿ ಮೈಸುತ್ತ ಬನ್ನಿ. ಮೂರು ಸಲ ಎಣಿಸಿ. ಮೂರೂ ಒಂದೇ ಬರದಿದ್ದರೆ ಮರುದಿನ ಮತ್ತೆ ಎಣಿಸಿ.

ಹಿಂಗಾಲಿನ ನಾಲ್ಕನೇ ಬೆರಳಿನಡಿಯ ಪಟ್ಟಿಗಳನ್ನು ಎಡ ಬಲ ಎರಡೂ ಕಡೆ ಎಣಿಸಿ, ಯಾವ ಪಟ್ಟಿಯಿಂದ ಆರಂಭಿಸಿದಿರಿ ಎಂಬುದನ್ನು ಬರೆದಿಡಿ. ಹಣೆಯ ಮುಂದಿನ ಜೋಡಿ ಫಲಕಗಳು (ತಲೆಯ ಮೇಲಿನ ದೊಡ್ಡ ಹುರುಪೆಗಳು) ಒಂದಕ್ಕೊಂದು ತಾಗುತ್ತವೆಯೇ, ಕೆಳರೆಪ್ಪೆಯಲ್ಲಿ ಪಾರದರ್ಶಕ ಕಿಟಕಿ ಇದೆಯೇ ನೋಡಿ. ಉದ್ದವನ್ನು ಮೂತಿಯಿಂದ ಗುದದ್ವಾರದವರೆಗೆ ಅಳೆಯಿರಿ. ಬಾಲದ ಅಳತೆ ನಂಬಬೇಡಿ. ಉದುರಿ ಮತ್ತೆ ಬೆಳೆದದ್ದಾಗಿರಬಹುದು.

5. ಹೋಲಿಕೆ. ಅದೇ ಕುಲದ ಎಲ್ಲ ಪ್ರಭೇದಗಳ ಮೂಲ ವಿವರಣೆ ಓದಿ, ಕೈಬಿಟ್ಟ ಹಳೆಯ ಹೆಸರುಗಳನ್ನೂ ಬಿಡದೆ. ‘ಹೊಸದು’ ಎಂದದ್ದಕ್ಕೆ ನೂರು ವರ್ಷದ ಹಿಂದೆಯೇ ಹೆಸರಿಟ್ಟಿರಬಹುದು. ನೆರೆಯ ಗುಡ್ಡವನ್ನಷ್ಟೇ ನೋಡಿದರೂ ಸಾಲದು: 2021ರಲ್ಲಿ ತಮಿಳುನಾಡಿನ ಆನೈಕಟ್ಟಿ ಬೆಟ್ಟದಿಂದ ವಿವರಿಸಿದ ಹಾವುರಾಣಿ ಸಬ್‌ಡೊಲುಸೆಪ್ಸ್ ನೀಲಗಿರಿಯೆನ್ಸಿಸ್‌ನ ಕುಲದ ಹೆಚ್ಚಿನ ಪ್ರಭೇದಗಳು ಇರುವುದು ಆಗ್ನೇಯ ಏಷ್ಯಾದಲ್ಲಿ. ಡಿಎನ್‌ಎ ಅಂತರ ಒಂದನ್ನೇ ಹಿಡಿದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಹುರುಪೆಯೂ ಅದೇ ಮಾತು ಹೇಳಬೇಕು.

6. ಹೆಸರು. ಗುಣವಾಚಕವಾದರೆ ಕುಲದ ಹೆಸರಿನ ವ್ಯಾಕರಣ ಲಿಂಗಕ್ಕೆ ಹೊಂದಬೇಕು: ನಪುಂಸಕ ಲಿಂಗದ ಲೈಗೊಸೋಮ ಕುಲದ ಜತೆ ‘ಪಂಕ್ಟೇಟಂ’, ಸ್ತ್ರೀಲಿಂಗದ ರಿಯೋಪಾ ಕುಲದ ಜತೆ ‘ಪಂಕ್ಟೇಟಾ’. ಪ್ರಬಂಧ ಆನ್‌ಲೈನ್‌ನಲ್ಲಷ್ಟೇ ಬರುವುದಾದರೆ ಪ್ರಕಟಣೆಗೆ ಮೊದಲೇ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ನೋಂದಣಿ ತಾಣವಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ. ಇಲ್ಲದಿದ್ದರೆ ಹೆಸರು ಊರ್ಜಿತವಲ್ಲ. ಹೆಸರನ್ನು ಹೊರುವ ಒಂದೇ ಮಾದರಿ, ಅಂದರೆ ಹೋಲೋಟೈಪ್, ಯಾವುದು, ಯಾವ ಸಂಗ್ರಹಾಲಯದಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಅಧಿಕೃತ ಭಂಡಾರಕ್ಕೆ ಒಪ್ಪಿಸಲೇಬೇಕು. ಹಸ್ತಪ್ರತಿ ಕಳಿಸುವ ಮೊದಲೇ ಒಪ್ಪಿಸಿ, ಅಲ್ಲಿ ಕೊಟ್ಟ ನೋಂದಣಿ ಸಂಖ್ಯೆಯನ್ನು ಪ್ರಬಂಧದಲ್ಲಿ ಸೇರಿಸಿ.