ಟೆನಿಸ್ ಎಲ್ಬೋ: ರೆಸ್ಟ್ ಬಿಟ್ಟೆ, ಸುತ್ತಿಗೆ ಹಿಡಿದೆ

ಕಳೆದ ಭಾನುವಾರ ಮೂರು ಗೇಮ್ ಡಬಲ್ಸ್ ಆಡಿದೆ. ಮಾರನೇ ದಿನ ಬೆಳಿಗ್ಗೆ ನೀರು ತುಂಬಿದ ಜಗ್ಗನ್ನು ಬಲಗೈಯಲ್ಲೇ ಎತ್ತಿ ಲೋಟಕ್ಕೆ ಬಗ್ಗಿಸಿದೆ. ಚಳುಕು ಬರಲಿಲ್ಲ. ಈ ದಿನಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಕಾದಿದ್ದೇನೆ. "ನೋಯೋ ಕೈಯಲ್ಲಿ ಭಾರ ಎತ್ತುತ್ತೀಯಾ?" ಅಂತ ಕೋರ್ಟಿನಲ್ಲಿ ಮೂಗು ಮುರಿದವರೇ ಜಾಸ್ತಿ. ಈಗ ಅವರಲ್ಲೇ ಇಬ್ಬರು ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ನಾನು ಆಡುವುದು ಬ್ಯಾಡ್ಮಿಂಟನ್, ಹೆಸರು ಟೆನಿಸ್ ಎಲ್ಬೋ ಆದರೂ ಟೆನಿಸ್ ಆಡದವರಿಗೂ ಇದು ಬರುತ್ತದೆ. ನೋವು ಮೊಣಕೈ ಹೊರಬದಿಯ ಮೂಳೆ ಉಬ್ಬಿನ ಹತ್ತಿರ. ಬ್ಯಾಕ್‌ಹ್ಯಾಂಡ್ ಬಿಡಿ, ಒದ್ದೆ ಬಟ್ಟೆ ಹಿಂಡಲೂ ಆಗುತ್ತಿರಲಿಲ್ಲ.

ಮೊದಲು ಎಲ್ಲರಂತೆ ರೆಸ್ಟ್. ಆರು ವಾರ ರಾಕೆಟ್ ಮುಟ್ಟಲಿಲ್ಲ, ನೋವು ಮಾಯ. ಕೋರ್ಟಿಗೆ ಇಳಿದ ಎರಡನೇ ದಿನವೇ ವಾಪಸ್. ಕೆಲಸವೇ ಇಲ್ಲದೆ ಕೂತ ಟೆಂಡನ್‌ಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತಾಕತ್ತು ಎಲ್ಲಿಂದ ಬರಬೇಕು, ಅಲ್ವಾ?

ಆಮೇಲೆ ಸ್ಟೀರಾಯ್ಡ್ ಇಂಜೆಕ್ಷನ್. ಮೂರೇ ದಿನಕ್ಕೆ ಕೈ ಹೂವಿನಷ್ಟು ಹಗುರ. ಎರಡನೇ ವಾರ ಸ್ಮ್ಯಾಶ್ ಹೊಡೆಯುತ್ತಿದ್ದೆ. ಎರಡು ತಿಂಗಳಾಗುವಷ್ಟರಲ್ಲಿ ನೋವು ಮೊದಲಿಗಿಂತ ಜೋರಾಗಿ ಬಂತು. ಇನ್ನೊಂದು ಹಾಕಿಸಿದೆ, ಅದೂ ಅಷ್ಟೇ. ಈ ಇಂಜೆಕ್ಷನ್ ಮೊದಲ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ವರ್ಷದ ಲೆಕ್ಕದಲ್ಲಿ ಹಾಕಿಸಿಕೊಳ್ಳದೆ ಇದ್ದವರೇ ಚೆನ್ನಾಗಿರುತ್ತಾರೆ ಅನ್ನುವುದು ಆಮೇಲೆ ಓದಿ ತಿಳಿಯಿತು. ಎರಡು ಇಂಜೆಕ್ಷನ್, ಒಂದು ಎಂಆರ್‌ಐ, ಮೂರು ಬಗೆಯ ಸ್ಟ್ರ್ಯಾಪ್. ಆ ದುಡ್ಡಿನಲ್ಲಿ ಮೂರು ಒಳ್ಳೆಯ ರಾಕೆಟ್ ಬರುತ್ತಿತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಒಂದು ಡಂಬೆಲ್ ಮತ್ತು ಮನೆಯಲ್ಲೇ ಇದ್ದ ಸುತ್ತಿಗೆ.

ಮೊದಲ ಎರಡು ವಾರ ಬರೀ ಹಿಡಿದು ನಿಲ್ಲಿಸುವುದು. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಕೈಯಲ್ಲಿ 1 ಕೆಜಿ ಡಂಬೆಲ್. ಸುಮಾರು 45 ಸೆಕೆಂಡಿನಂತೆ ಐದು ಸಲ. ಆಮೇಲೆ ಇಳಿಸುವ ಕೆಲಸ. ಎಡಗೈ ಸಹಾಯದಿಂದ ಮೇಲೆತ್ತಿ, ಬಲಗೈ ಒಂದರಲ್ಲೇ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಇಳಿಸುವುದು. 15ರ ಮೂರು ಸೆಟ್, ದಿನ ಬಿಟ್ಟು ದಿನ. ಮಾಡುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವಿದ್ದರೆ ನಾನು ನಿಲ್ಲಿಸಲಿಲ್ಲ. ನೋಡಿದ್ದು ಮಾರನೇ ಬೆಳಿಗ್ಗೆಯನ್ನು. ಅದೇ ಜಗ್ ಎತ್ತುತ್ತಿದ್ದೆ. ನೋವು ಹಿಂದಿನ ಬೆಳಿಗ್ಗೆಗಿಂತ ಜಾಸ್ತಿ ಅನ್ನಿಸಿದರೆ ಭಾರ ಇಳಿಸುತ್ತಿದ್ದೆ.

ಐದನೇ ವಾರ ಹುಮ್ಮಸ್ಸಿನಲ್ಲಿ ಒಂದೂವರೆ ಕೆಜಿಯಿಂದ ಸೀದಾ ಮೂರಕ್ಕೆ ಹಾರಿದೆ. ಹತ್ತು ದಿನ ಹಾಳಾಯಿತು. ಅಲ್ಲಿಂದ ಒಂದು ಸಲಕ್ಕೆ ಅರ್ಧ ಕೆಜಿಗಿಂತ ಹೆಚ್ಚು ಏರಿಸಿದ್ದೇ ಇಲ್ಲ.

ಸುತ್ತಿಗೆ ವಿಷಯಕ್ಕೆ ಬರೋಣ. ಹಿಡಿಯ ಮೇಲೆ ಒಂದೊಂದು ಇಂಚಿಗೆ ಪೆನ್ನಿನಲ್ಲಿ ಗೆರೆ ಎಳೆದೆ. ಮೊದಲ ವಾರ ತಲೆಯ ಹತ್ತಿರದ ಗೆರೆಯಲ್ಲಿ ಹಿಡಿದು, ನಿಧಾನವಾಗಿ ಒಳಕ್ಕೆ, ಹೊರಕ್ಕೆ ವಾಲಿಸುವುದು. ಕೈ ಒಪ್ಪಿದರೆ ಮುಂದಿನ ವಾರ ಒಂದು ಗೆರೆ ಕೆಳಗೆ. ಹಿಡಿತ ತಲೆಯಿಂದ ದೂರ ಹೋದಷ್ಟೂ ಅದೇ ಸುತ್ತಿಗೆ ಭಾರವಾಗುತ್ತದೆ. ಒಂದು ಪೈಸೆ ಖರ್ಚಿಲ್ಲ! ಈ ಗೆರೆಯ ಐಡಿಯಾ ನನ್ನದೇ, ಹೇಳಿಕೊಳ್ಳಲು ಖುಷಿ ಇದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಐಸ್ ಇಟ್ಟೆ, ಅರ್ಧ ಗಂಟೆ ಹಿತ, ಅಷ್ಟೇ. ಸ್ಟ್ರ್ಯಾಪ್ ಉಬ್ಬಿನಿಂದ ಎರಡು ಬೆರಳು ಕೆಳಗೆ ಕಟ್ಟಿದರೆ ಆಡುವಾಗ ಸಹಾಯವಾಯಿತು, ದಿನವಿಡೀ ಕಟ್ಟಿದರೆ ಕೈ ಬಿಗಿಯಿತು. ರಾಕೆಟ್ ಸ್ಟ್ರಿಂಗಿನ ಬಿಗಿಯನ್ನು 27 ಪೌಂಡಿನಿಂದ 24ಕ್ಕೆ ಇಳಿಸಿದೆ. ಕಂಪ್ಯೂಟರ್ ಮೌಸನ್ನು ಎಡಗೈಗೆ ಕೊಟ್ಟಿದ್ದು ಮಾತ್ರ ನಾನು ನಿರೀಕ್ಷಿಸದಷ್ಟು ಫಲ ಕೊಟ್ಟಿತು. ದಿನಕ್ಕೆ ಎಂಟು ಗಂಟೆ ಆ ಮಣಿಕಟ್ಟು ಸ್ವಲ್ಪ ಮೇಲೆದ್ದೇ ಇರುತ್ತಿತ್ತು, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಹಿಡಿಕೆಗೆ ಗ್ರಿಪ್ ಸುತ್ತುವುದರಲ್ಲೂ ಒಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಇನ್ನೊಂದು ಸೀಸನ್ ಆಡಿ ನೋಡಬೇಕು.

ಪ್ರತಿ ಭಾನುವಾರ ಗ್ರಿಪ್ ಮೀಟರ್ ಹಿಸುಕಿ ಬರೆದಿಡುತ್ತಿದ್ದೆ. ನೋವು ಶುರುವಾಗುವ ಮೊದಲು ಎಷ್ಟು ಹಿಸುಕಲು ಆಗುತ್ತದೆ ಅನ್ನುವ ಲೆಕ್ಕ. ಶುರುವಿನಲ್ಲಿ ಬಲಗೈ 16 ಕೆಜಿ ಆಸುಪಾಸು, ಎಡಗೈ 38. ನಾಲ್ಕು ತಿಂಗಳಿಗೆ ಬಲಗೈ 40 ದಾಟಿತು. ಆಮೇಲೇ ಕೋರ್ಟಿಗೆ ಕಾಲಿಟ್ಟೆ. ಮೊದಲು 20 ನಿಮಿಷ, ಅದೂ ಸ್ಮ್ಯಾಶ್ ಇಲ್ಲದೆ.

ಬೆರಳು ಜೋಮು ಹಿಡಿಯುತ್ತಿದ್ದರೆ ಅಥವಾ ನೋವು ಕುತ್ತಿಗೆಯಿಂದ ಇಳಿಯುತ್ತಿದ್ದರೆ ಅದು ನರದ ವಿಷಯ ಇರಬಹುದು. ಮೊದಲು ಡಾಕ್ಟರಿಗೆ ತೋರಿಸಿ, ಸುತ್ತಿಗೆ ಆಮೇಲೆ.

ಈಗ ಡಂಬೆಲ್ ನಾಲ್ಕೂವರೆ ಕೆಜಿಗೆ ಬಂದಿದೆ. ವಾರಕ್ಕೆ ಎರಡು ಸಲ ಬಿಡದೆ ಮಾಡುತ್ತೇನೆ. ಸುತ್ತಿಗೆ ಹಿಡಿಯಲ್ಲಿ ಇನ್ನೂ ಎರಡು ಗೆರೆ ಬಾಕಿ ಇವೆ.