ಚೌಕಾಸಿಯ ಕಥೆ ಕೇಳಿ ವಿಮರ್ಶೆ ಹೇಳುವುದು ಹೇಗೆ

ಮಡಿಕೇರಿಯ ನಮ್ಮ ಭಾಷಣದ ಗುಂಪು ಹದಿನೈದು ದಿನಕ್ಕೊಮ್ಮೆ ಸೇರುತ್ತದೆ. ಭಾಷಣ ಕಲಿಯುವವರ ಕ್ಲಬ್ಬು ಟೋಸ್ಟ್‌ಮಾಸ್ಟರ್ಸ್‌ನವರ ಪದ್ಧತಿಯನ್ನೇ ಇಟ್ಟುಕೊಂಡಿದ್ದೇವೆ. ಭಾಷಣಕ್ಕೆ 5ರಿಂದ 7 ನಿಮಿಷ, ಅದರ ವಿಮರ್ಶೆಗೆ 2ರಿಂದ 3 ನಿಮಿಷ. ಯಾರಾದರೂ ತಮ್ಮ ಚೌಕಾಸಿಯ ಅನುಭವ ಹೇಳಿದರೆ ವಿಮರ್ಶೆ ಮಾಡುವವರಿಗೆ ಕಷ್ಟ. ಕೊಡಗಿನಲ್ಲಿ ಕೂತವರೆಲ್ಲ ಏನಾದರೂ ಮಾರಿದವರೇ, ಎಲ್ಲರಿಗೂ ರೇಟು ಗೊತ್ತು!

ನಾನೇ ಒಮ್ಮೆ ಎಡವಿದ್ದೇನೆ. ಒಬ್ಬರು ಕಾಳುಮೆಣಸು ಮಾರಿದ ಕಥೆ ಹೇಳಿದರು. ನಾನು ಎದ್ದು ನಿಂತು, "ಇನ್ನೊಂದು ವಾರ ಕಾದಿದ್ದರೆ ಕಿಲೋಗೆ ಇಪ್ಪತ್ತು ರೂಪಾಯಿ ಜಾಸ್ತಿ ಸಿಗ್ತಿತ್ತು ಅಕ್ಕಾ" ಅಂದೆ. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ಮುಂದಿನ ಎರಡು ಸಭೆಗೆ ಬರಲೂ ಇಲ್ಲ. ಅವರ ವ್ಯಾಪಾರಕ್ಕೆ ನಾನು ಅಂಕ ಕೊಟ್ಟು ಕೂತಿದ್ದೆ. ಭಾಷಣದ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಈಗ ಭಾಷಣಕ್ಕೆ ಮುಂಚೆಯೇ ಹೋಗಿ, "ಯಾವುದನ್ನು ಗಮನಿಸಲಿ?" ಅಂತ ಕೇಳುತ್ತೇನೆ. ಹಾಳೆಯ ಮಧ್ಯೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಅವರು ಆಡಿದ ಮಾತು, ಆಡಿದ ಹಾಗೇ. ಬಲಕ್ಕೆ ನನ್ನ ತಲೆಯಲ್ಲಿ ಎದ್ದ ಪ್ರಶ್ನೆ. ಚೌಕಾಸಿಯ ಕಥೆಯಲ್ಲಿ ಹುಡುಕುವುದು ಇಷ್ಟು: ಇವರಿಗೆ ಏನು ಬೇಕಿತ್ತು, ಎದುರಿನವರಿಗೆ ಏನು ಬೇಕಿತ್ತು, ಮಾತು ಎಲ್ಲಿ ತಿರುಗಿತು. ಮತ್ತೆ, ವ್ಯಾಪಾರ ಮುರಿದುಬಿದ್ದರೆ ಇವರಿಗೆ ಬೇರೆ ದಾರಿ ಏನಿತ್ತು? ಇದಕ್ಕೆ ರೋಜರ್ ಫಿಶರ್, ವಿಲಿಯಂ ಯೂರಿ ಅನ್ನುವವರು ಚೌಕಾಸಿಯ ಬಗ್ಗೆ ಬರೆದ ಪುಸ್ತಕದಲ್ಲಿ, 1981ರಲ್ಲಿ, 'ಬಾಟ್ನಾ' ಅಂತ ಹೆಸರಿಟ್ಟರು. ನಮ್ಮ ಕಡೆ ಹೆಸರು ಇಲ್ಲದೆಯೂ ಗೊತ್ತಿದ್ದದ್ದೇ. ಕೈಸಾಲ ಇಲ್ಲದವನ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಗೋಡೌನಿನಲ್ಲಿ ಆರಾಮಾಗಿ ಕಾಯುತ್ತದೆ.

ಮೊನ್ನೆ ಸಿದ್ದಾಪುರದ ಕಡೆಯ ಹುಡುಗನೊಬ್ಬ 60 ಚೀಲ ರೊಬಸ್ಟಾ ಚೆರಿ ಮಾರಿದ್ದನ್ನು ಹೇಳಿದ. "ನಮ್ಮಪ್ಪನಿಗೆ ಚೌಕಾಸಿ ಮಾಡೋಕೆ ಬರಲ್ಲ" ಅಂತ ಶುರು. ಹಿಂದೆ ಕಾಫಿ ಕೊಡಬೇಕಾಗಿದ್ದದ್ದು ಕಾಫಿ ಬೋರ್ಡಿನ ಪೂಲ್‌ಗೆ, ಮಾರುತ್ತಿದ್ದದ್ದು ಬೋರ್ಡೇ. ಅದರಿಂದ ಪೂರ್ತಿ ಬಿಡುಗಡೆ ಆದದ್ದು 1996ರಲ್ಲಿ. ಚೌಕಾಸಿ ಕಲಿಯಲು ಅಪ್ಪನಿಗೆ ಅವಕಾಶ ಎಲ್ಲಿತ್ತು? ಒಳ್ಳೆ ಆರಂಭ. ಎಡಗಡೆ ಬರೆದುಕೊಂಡೆ.

ಆಮೇಲೆ ಮೂರು ನಿಮಿಷ ಬರೀ ಮಳೆ, ಕೂಲಿ, ಆನೆ. ನಿಜವಾದ ವಿಷಯ ಒಂದೇ ಉಸಿರಲ್ಲಿ ಹೋಯಿತು: "ವ್ಯಾಪಾರಿ ಔಟ್‌ಟರ್ನ್ 26 ಅಂದ್ರು, ನಾನು 28 ಅಂದೆ, 27ಕ್ಕೆ ಮುಗೀತು." ಐವತ್ತು ಕಿಲೋ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಬರುತ್ತದೆ ಅನ್ನುವುದೇ ಔಟ್‌ಟರ್ನ್. ಒಂದು ಕಿಲೋ ಅಂದರೆ ಒಂದು ಪಾಯಿಂಟು. ಚೀಲಕ್ಕೆ ಪಾಯಿಂಟಿಗೆ 400 ರೂಪಾಯಿ ಅಂದರೂ ಆ ಒಂದು ಪಾಯಿಂಟಿನಲ್ಲಿ 60 ಚೀಲಕ್ಕೆ 24,000. ಆತ ಮನೆಯಲ್ಲೇ ಸ್ಯಾಂಪಲ್ ಕುಟ್ಟಿ, ತೂಗಿ, ಪೊಟ್ಟಣ ಕಟ್ಟಿಕೊಂಡು ಹೋಗಿದ್ದನಂತೆ! ಅದು ಗೊತ್ತಾದದ್ದು ಕೊನೆಗೆ, ಯಾರೋ ಕೇಳಿದಾಗ.

27 ಸರಿಯೋ ತಪ್ಪೋ ಅಂತ ನಾನು ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. "ಅಪ್ಪನ ಮಾತಿಂದ ಶುರು ಮಾಡಿದ್ದಕ್ಕೆ ನಾನು ಮುಂದಕ್ಕೆ ಬಾಗಿ ಕೂತೆ" ಅಂದೆ. "ಚೆನ್ನಾಗಿತ್ತು" ಅಂತ ಸುಮ್ನೆ ಹೇಳಿದರೆ ಭಾಷಣ ಮಾಡಿದವರಿಗೆ ಕೈಗೆ ಏನೂ ಸಿಗುವುದಿಲ್ಲ. ತಿದ್ದುವುದಕ್ಕೆ ಒಂದೇ ವಿಷಯ ಎತ್ತಿಕೊಂಡೆ. "ಆ ಪೊಟ್ಟಣ ಮೇಜಿನ ಮೇಲೆ ಇಟ್ಟಾಗ ಅವರ ಮುಖ ಹೇಗಾಯ್ತು? ಯಾರು ಮೊದಲು ಮಾತಾಡಿದ್ರು? ಎಷ್ಟು ಹೊತ್ತು ಸುಮ್ಮನಿದ್ರು? ಅದನ್ನು ನಮಗೆ ತೋರಿಸು, ಆನೆಯನ್ನು ಒಂದು ವಾಕ್ಯಕ್ಕೆ ಕಟ್ಟಿಹಾಕು." ಹುಡುಗ ತಲೆ ಕೆರೆದುಕೊಂಡು, ಜೇಬಿಂದ ಪೆನ್ನು ತೆಗೆದ.

ವಿಮರ್ಶೆಗೂ ಸಮಯ ತೋರಿಸುವ ದೀಪಗಳಿವೆ: ಹಸಿರು 2 ನಿಮಿಷಕ್ಕೆ, ಹಳದಿ ಎರಡೂವರೆಗೆ, ಕೆಂಪು 3ಕ್ಕೆ. ಹಳದಿ ಬಂದ ಮೇಲೆ ಹೊಸ ವಿಷಯ ತೆಗೆಯಬೇಡಿ. ಮಾತಿನ ಮಧ್ಯೆ ಆತ ಎಷ್ಟು ಸಲ "ಆಮೇಲೆ" ಅಂದ ಅನ್ನುವುದನ್ನೂ ಎಣಿಸಿಟ್ಟಿದ್ದೆ, ಹದಿನೇಳು. ಅದನ್ನು ಸಭೆಯಲ್ಲಿ ಹೇಳಲಿಲ್ಲ. ಹೊರಗೆ ಕಾಫಿ ಕುಡಿಯುವಾಗ ಕಿವಿಯಲ್ಲಿ ಹೇಳಿದೆ. "ಆಮೇಲೆ?" ಅಂದ.